‘ಹುಷಾರಾಗಿರಿ’ ಅಂದರೆ ಸಾಕಾ? ಮನೆಯೊಳಗೆ ಬಂದು ಕೂತ ಹೊಸ ಅಪಾಯಗಳ ಬಗ್ಗೆ

ರಾತ್ರಿಪಾಳಿ | ಸೋಮವಾರ, ರಾತ್ರಿ 10:20

ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್. ಗಾಯ ಆಗದಂತೆ ತಡೆಯುವುದು ಹೇಗೆ ಅನ್ನುವ ಸಂಶೋಧನೆಗಳನ್ನು ಬಿಡುವಿದ್ದಾಗ ಓದುತ್ತಿರುತ್ತೇನೆ. ಇಲ್ಲಿ ಎಲ್ಲದಕ್ಕೂ ಒಂದೊಂದು ಚರ್ಚೆ ಇದೆ, ಇದಕ್ಕೂ ಒಂದು ಇರಲಿ ಅಂತ ಶುರು ಮಾಡುತ್ತಿದ್ದೇನೆ.

ಮೊದಲು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಗಾಯ ಮತ್ತು ಹಿಂಸೆಯಿಂದ ವರ್ಷಕ್ಕೆ ಸುಮಾರು 44 ಲಕ್ಷ ಜನ ಸಾಯುತ್ತಾರೆ. ಜಗತ್ತಿನ ಒಟ್ಟು ಸಾವಿನಲ್ಲಿ ಇದು ಹತ್ತಿರ ಹತ್ತಿರ ಶೇ. 8. ಐದರಿಂದ 29 ವರ್ಷದವರನ್ನು ಅತಿ ಹೆಚ್ಚು ಬಲಿ ತೆಗೆದುಕೊಳ್ಳುವುದು ಯಾವ ರೋಗವೂ ಅಲ್ಲ, ರಸ್ತೆ ಅಪಘಾತ. ಆದರೂ ನೋಡಿ, ರೋಗ ಬಂದರೆ ‘ಕಾರಣ ಏನು’ ಅಂತ ಕೇಳುತ್ತೇವೆ. ಗಾಯ ಆದರೆ ‘ಯಾರ ತಪ್ಪು’ ಅಂತ ಕೇಳುತ್ತೇವೆ.

ನನ್ನ ವಾದ ಇಷ್ಟು: ಜನರಿಗೆ ಬುದ್ಧಿ ಹೇಳುವುದರಿಂದ ಆಗುವ ಲಾಭ ಕಡಿಮೆ. ವಸ್ತುವನ್ನೋ ಜಾಗವನ್ನೋ ಬದಲಿಸಿದರೆ ಆಗುವ ಲಾಭ ಜಾಸ್ತಿ. ಇದನ್ನು ಸುಮ್ನೆ ಹೇಳುತ್ತಿಲ್ಲ. 1974ರಲ್ಲಿ ಲಿಯಾನ್ ರಾಬರ್ಟ್‌ಸನ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು. ಒಂದೇ ಊರಿಗೆ ಎರಡು ಕೇಬಲ್ ಟಿವಿ ಲೈನು. ಒಂದು ಲೈನಿನ ಮನೆಗಳಿಗೆ ಮಾತ್ರ ಒಂಬತ್ತು ತಿಂಗಳು ಸೀಟ್‌ಬೆಲ್ಟ್ ಜಾಹೀರಾತು ತೋರಿಸಿದರು. ಜಾಹೀರಾತೇನೂ ಕಳಪೆ ಅಲ್ಲ, ಚೆನ್ನಾಗಿಯೇ ಮಾಡಿದ್ದರು. ಆಮೇಲೆ ರಸ್ತೆಯಲ್ಲಿ ನಿಂತು ಯಾರು ಬೆಲ್ಟ್ ಹಾಕಿದ್ದಾರೆ ಅಂತ ನೋಡಿ, ನಂಬರ್ ಪ್ಲೇಟಿನಿಂದ ಅವರು ಯಾವ ಲೈನಿನವರು ಅಂತ ಪತ್ತೆ ಹಚ್ಚಿದರು. ಎರಡೂ ಕಡೆ ಏನೂ ವ್ಯತ್ಯಾಸ ಇರಲಿಲ್ಲ.

ಈಗ ಮನೆಗೆ ಹೊಸ ಹೊಸ ವಸ್ತುಗಳು ಬರುತ್ತಿವೆ. ಬಟನ್ ಬ್ಯಾಟರಿ, ಪುಟ್ಟ ಆದರೆ ಭಾರಿ ಶಕ್ತಿಯ ಮ್ಯಾಗ್ನೆಟ್, ನೀರಲ್ಲಿ ಊದಿಕೊಳ್ಳುವ ಬಣ್ಣದ ಮಣಿ, ಇ-ಬೈಕಿನ ಲಿಥಿಯಂ ಬ್ಯಾಟರಿ. ಅಪಾಯ ಗೊತ್ತಾಗಿ ನಿಯಮ ಬರುವ ಹೊತ್ತಿಗೆ ವಸ್ತು ಎಲ್ಲರ ಮನೆಯಲ್ಲೂ ಇರುತ್ತದೆ. ನಿಮಗೆ ಗೊತ್ತಿರುವುದನ್ನು ಬರೆಯಿರಿ. ಜಗಳ ಆಡಿದರೂ ಪರವಾಗಿಲ್ಲ, ಕಾರಣ ಕೊಟ್ಟು ಆಡಿ.

ಖಡಕ್‌ಮಾತು | ಸೋಮವಾರ, ರಾತ್ರಿ 10:58

ಕಾರಣ ಕೊಟ್ಟೇ ಆಡುತ್ತೇನೆ ಮೇಡಂ. ಮಕ್ಕಳ ಮೇಲೆ ಕಣ್ಣಿಡುವುದು ಹೆತ್ತವರ ಕೆಲಸ. ಮೊಬೈಲಿನಿಂದ ತಲೆ ಎತ್ತಿ ನೋಡಿದರೆ ಅರ್ಧ ಅಪಘಾತ ಆಗುವುದೇ ಇಲ್ಲ. ಎಲ್ಲದಕ್ಕೂ ಕಂಪನಿ, ಕಾನೂನು ಅಂತ ಬೊಟ್ಟು ಮಾಡಿದರೆ ಜವಾಬ್ದಾರಿ ಅನ್ನುವುದು ಯಾರಿಗೂ ಇಲ್ಲದಂತಾಗುತ್ತದೆ. ನಮ್ಮ ಕಾಲದಲ್ಲಿ ಇವೆಲ್ಲ ಇಲ್ಲದೆಯೂ ಬೆಳೆದೆವು, ಅಲ್ವಾ?

ಅಂಕಿಸಂಖ್ಯೆ | ಸೋಮವಾರ, ರಾತ್ರಿ 11:15

ಬೆಳೆದವರು ಮಾತ್ರ ಇಲ್ಲಿ ಬಂದು ‘ಬೆಳೆದೆವು’ ಅಂತ ಬರೆಯಲು ಸಾಧ್ಯ ಸರ್. ಬೆಳೆಯದೇ ಹೋದವರು ಬರೆಯುವುದಿಲ್ಲ.

ರಾತ್ರಿಪಾಳಿ | ಮಂಗಳವಾರ, ಬೆಳಿಗ್ಗೆ 7:40

ಖಡಕ್ ಸರ್, ಫ್ರಿಜ್ಜಿನ ಕಥೆ ಹೇಳುತ್ತೇನೆ, ಕೇಳಿ.

ಹಳೆಯ ಫ್ರಿಜ್‌ಗಳಿಗೆ ಹೊರಗಿನಿಂದ ಮಾತ್ರ ತೆಗೆಯುವ ಚಿಲಕ ಇರುತ್ತಿತ್ತು. ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಾ, ಎಸೆದ ಫ್ರಿಜ್ಜಿನೊಳಗೆ ಹೋಗಿ ಬಾಗಿಲು ಹಾಕಿಕೊಂಡು ಉಸಿರುಗಟ್ಟಿ ಸಾಯುತ್ತಿದ್ದರು. ಬಾಗಿಲು ಗಟ್ಟಿಯಾಗಿ ಮುಚ್ಚಿರುತ್ತದೆ, ಒಳಗಿಂದ ಕೂಗಿದರೂ ಕೇಳದು. ‘ಎಸೆಯುವ ಮುಂಚೆ ಬಾಗಿಲು ಕಳಚಿ’ ಅಂತ ಹೇಳಿದ್ದೂ ಆಯಿತು, ಸಾವು ನಿಲ್ಲಲಿಲ್ಲ. 1956ರಲ್ಲಿ ಅಮೆರಿಕದಲ್ಲಿ ಕಾನೂನು ಬಂತು: ಒಳಗಿಂದ ತಳ್ಳಿದರೂ ಬಾಗಿಲು ತೆರೆಯಬೇಕು.

ಒಳಗಿಂದ ತಳ್ಳುವವರು ಯಾರು? ಎರಡರಿಂದ ಐದು ವರ್ಷದ ಮಕ್ಕಳು. ಅವರಿಗೆ ಎಷ್ಟು ಬಲ ಇರುತ್ತದೆ, ಕತ್ತಲಲ್ಲಿ ಸಿಕ್ಕಿಕೊಂಡರೆ ಏನು ಮಾಡುತ್ತಾರೆ ಅಂತ ತಿಳಿಯಬೇಕಲ್ಲ. ಅದಕ್ಕೆ 201 ಮಕ್ಕಳನ್ನು ಫ್ರಿಜ್ಜಿನಂತಹ ಪೆಟ್ಟಿಗೆಯಲ್ಲಿ ಕೂರಿಸಿ, ಹೊರಗಿನಿಂದ ಗಮನಿಸುತ್ತಾ ಪರೀಕ್ಷೆ ಮಾಡಿದರು. 1958ರಲ್ಲಿ ಅದರ ವರದಿ ಬಂತು. ಇವತ್ತು ಅಂತಹ ಪರೀಕ್ಷೆಗೆ ಯಾರೂ ಒಪ್ಪಿಗೆ ಕೊಡಲಾರರು, ಅದು ಬೇರೆ ಮಾತು. ಕೆಲವು ಮಕ್ಕಳು ಒದ್ದಾಡಿದರು, ಕೆಲವರು ಸಮಾಧಾನವಾಗಿ ಬಾಗಿಲು ತಳ್ಳಿದರು. ಕಾಲು ಭಾಗದಷ್ಟು ಮಕ್ಕಳು ಹೊರಬರಲು ಹೆಚ್ಚೇನೂ ಪ್ರಯತ್ನವನ್ನೇ ಮಾಡಲಿಲ್ಲ. ಸುಮ್ಮನೆ ಕೂತಿದ್ದರು. ಒಳಗಿನ ಗುಂಡಿ ಒತ್ತಿ, ಹಿಡಿ ತಿರುಗಿಸಿ ಅಂತ ಮಗುವಿಗೆ ಕಲಿಸುವ ಯೋಚನೆ ಅಲ್ಲಿಗೇ ಬಿದ್ದುಹೋಗುತ್ತದೆ. ಸ್ವಲ್ಪ ಒರಗಿದರೂ ತೆರೆಯುವ ಬಾಗಿಲೇ ಬೇಕು. ಈಗಿನ ಫ್ರಿಜ್ಜಿನ ಬಾಗಿಲಿಗೆ ಚಿಲಕ ಇಲ್ಲ, ಅಂಚಿನ ಸುತ್ತ ಮ್ಯಾಗ್ನೆಟ್ ಪಟ್ಟಿ ಇದೆ.

ಈಗ ಹೇಳಿ, ಆ ಮಕ್ಕಳ ಹೆತ್ತವರೆಲ್ಲ ಬೇಜವಾಬ್ದಾರರಾ? ನಂತರ ಬಂದ ಹೆತ್ತವರು ಒಮ್ಮೆಲೇ ಜವಾಬ್ದಾರರಾಗಿಬಿಟ್ಟರಾ? ಬದಲಾದದ್ದು ಬಾಗಿಲು.

ಇಬ್ಬರ ಅಮ್ಮ | ಮಂಗಳವಾರ, ಬೆಳಿಗ್ಗೆ 9:05

ಓದಿ ಮೈ ಜುಂ ಅಂದಿತು. ಬಟನ್ ಬ್ಯಾಟರಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೀರಾ ಅಕ್ಕ? ಮಗು ನಾಣ್ಯ ನುಂಗಿದರೆ ಎಷ್ಟೋ ಸಲ ತಾನಾಗಿಯೇ ಹೊರಗೆ ಹೋಗುತ್ತದೆ ಅಂತ ಕೇಳಿದ್ದೇನೆ. ಬ್ಯಾಟರಿಯೂ ಹಾಗೇ ಅಲ್ವಾ? ಒಳಗಿನ ಆಸಿಡ್ ಸೋರಿದರೆ ಮಾತ್ರ ತೊಂದರೆ ಅಂತ ನಮ್ಮ ಬಳಗದಲ್ಲಿ ಒಬ್ಬರು ಹೇಳಿದರು.

ರಾತ್ರಿಪಾಳಿ | ಮಂಗಳವಾರ, ಮಧ್ಯಾಹ್ನ 1:30

ಸೋರಬೇಕಾಗಿಯೇ ಇಲ್ಲ. ಈ ತಪ್ಪು ತಿಳಿವಳಿಕೆ ತುಂಬ ಜನರಲ್ಲಿ ಇದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಹೆಚ್ಚು ಅಪಾಯ ತರುವುದು 20 ಮಿಲಿಮೀಟರ್ ಅಗಲದ ಲಿಥಿಯಂ ಬಿಲ್ಲೆ. ಅದರ ಮೇಲೆ ಸಿಆರ್2032 ಅಂತಲೋ 2025 ಅಂತಲೋ ಬರೆದಿರುತ್ತದೆ. ಮೊದಲೆರಡು ಅಂಕಿಗಳೇ ಅಗಲ ಹೇಳುತ್ತವೆ. ಚಿಕ್ಕ ಮಗುವಿನ ಅನ್ನನಾಳದಲ್ಲಿ ಈ ಅಳತೆ ಸರಿಯಾಗಿ ಸಿಕ್ಕಿಕೊಳ್ಳುತ್ತದೆ. ಸುತ್ತ ಒದ್ದೆಯಾದ ಮಾಂಸ. ಅದು ಬ್ಯಾಟರಿಯ ಎರಡು ಬದಿಗೂ ತಾಗುತ್ತದೆ, ಕರೆಂಟ್ ಹರಿಯಲು ಶುರುವಾಗುತ್ತದೆ. ಋಣ ಬದಿಯಲ್ಲಿ, ಅಂದರೆ ಮೈನಸ್ ಇರುವ ಚಿಕ್ಕ ಮುಖದ ಕಡೆ, ನೀರು ಒಡೆದು ಪ್ರಬಲ ಕ್ಷಾರ ಹುಟ್ಟುತ್ತದೆ. ಕಟ್ಟಿಕೊಂಡ ಚರಂಡಿ ಬಿಡಿಸಲು ಹಾಕುವ ಪುಡಿಯ ಜಾತಿಯದ್ದೇ ಅದು. ಬ್ಯಾಟರಿ ಕವಚ ಗಟ್ಟಿಯಾಗಿಯೇ ಇರುತ್ತದೆ, ಪಕ್ಕದ ಮಾಂಸ ಕರಗುತ್ತಿರುತ್ತದೆ. ಎರಡು ಗಂಟೆಯೊಳಗೆ ತೀವ್ರ ಗಾಯ ಆಗಬಹುದು. ಬ್ಯಾಟರಿ ತೆಗೆದ ಮೇಲೂ ಕೆಲವು ದಿನ, ವಾರಗಳವರೆಗೆ ಗಾಯ ಆಳಕ್ಕೆ ಇಳಿದು ಪಕ್ಕದ ಶ್ವಾಸನಾಳವನ್ನೋ ದೊಡ್ಡ ರಕ್ತನಾಳವನ್ನೋ ತೂತು ಮಾಡಿದ ಪ್ರಕರಣಗಳಿವೆ.

‘ಮುಗಿದುಹೋದ ಬ್ಯಾಟರಿ’ ಅಂತ ಧೈರ್ಯ ಬೇಡ. ರಿಮೋಟ್ ನಡೆಸಲು ಸಾಲದಷ್ಟು ಶಕ್ತಿ ಉಳಿದಿದ್ದರೂ ಮಾಂಸ ಸುಡಲು ಅದು ಸಾಕು.

ಕಷ್ಟ ಏನೆಂದರೆ, ನುಂಗಿದ್ದನ್ನು ಎಷ್ಟೋ ಸಲ ಯಾರೂ ನೋಡಿರುವುದಿಲ್ಲ. ಜೊಲ್ಲು ಸುರಿಯುವುದು, ಊಟ ಬೇಡ ಅನ್ನುವುದು, ಕೆಮ್ಮು, ವಾಂತಿ. ಇವು ಯಾವ ಮಗುವಿಗೆ ಬರುವುದಿಲ್ಲ ಹೇಳಿ? ಅನುಮಾನ ಬಂದರೆ ಎಕ್ಸ್‌ರೇ. ಚಿತ್ರದಲ್ಲಿ ನಾಣ್ಯ ಒಂದೇ ದುಂಡು ಅಂಚಾಗಿ ಕಾಣುತ್ತದೆ. ಬ್ಯಾಟರಿಗೆ ಒಳಗೊಂದು, ಹೊರಗೊಂದು, ಎರಡು ಉಂಗುರ ಕಾಣುತ್ತವೆ.

ಮಗು ನುಂಗಿದೆ ಅಂತ ಗೊತ್ತಾದರೆ ನೇರ ತುರ್ತು ವಿಭಾಗಕ್ಕೆ ಹೋಗಬೇಕು, ಅಷ್ಟೇ. ವಾಂತಿ ಮಾಡಿಸಬೇಡಿ. ಮಗು ಒಂದು ವರ್ಷ ದಾಟಿದ್ದು, ನುಂಗಿ 12 ಗಂಟೆ ಆಗಿಲ್ಲದಿದ್ದರೆ, ನುಂಗಲು ಆಗುತ್ತಿದ್ದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು ಅಂತ ಅಮೆರಿಕದ ವಿಷಮಾಹಿತಿ ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಆರು ಸಲಕ್ಕಿಂತ ಜಾಸ್ತಿ ಬೇಡ. ಹಂದಿಮರಿಗಳ ಮೇಲಿನ ಪ್ರಯೋಗದ ಫಲಿತಾಂಶ 2018ರಲ್ಲಿ ಬಂದ ಮೇಲೆ ಇದು ಮಾರ್ಗಸೂಚಿಗೆ ಸೇರಿತು. ಜೇನು ಬ್ಯಾಟರಿಯ ಸುತ್ತ ಅಂಟಿಕೊಂಡು ಕ್ಷಾರದ ಬಿರುಸನ್ನು ತಗ್ಗಿಸುತ್ತದೆ. ಇದು ಚಿಕಿತ್ಸೆ ಅಲ್ಲ, ಸಮಯ ಕೊಳ್ಳುವ ಉಪಾಯ. ಜೇನು ಹುಡುಕುತ್ತಾ ಐದು ನಿಮಿಷ ತಡ ಮಾಡಿದರೆ ಅರ್ಥವಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು.

ಸ್ಕ್ರೂಡ್ರೈವರ್ | ಮಂಗಳವಾರ, ಸಂಜೆ 6:10

ಎಲೆಕ್ಟ್ರಾನಿಕ್ಸ್ ರಿಪೇರಿ ನನ್ನ ಕೆಲಸ. ಇದರಲ್ಲಿ ನನಗೆ ಸಿಟ್ಟು ಬರಿಸುವ ವಿಷಯ ಒಂದಿದೆ. ಮಕ್ಕಳ ಆಟಿಕೆಯ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಹಾಕಿರುತ್ತಾರೆ. ಅದೇ ಮನೆಯ ತೂಕದ ಯಂತ್ರ, ಹಾಡುವ ಶುಭಾಶಯ ಪತ್ರ, ಬ್ಯಾಟರಿ ಮೋಂಬತ್ತಿ, ಕೀ ಫೋಬ್, ಚಿಕ್ಕ ರಿಮೋಟು, ಇವುಗಳ ಮುಚ್ಚಳ ಉಗುರಿಗೇ ತೆರೆದುಕೊಳ್ಳುತ್ತದೆ. ‘ಇದು ಆಟಿಕೆ ಅಲ್ಲ’ ಅನ್ನುವುದು ಅವರ ಸಮರ್ಥನೆ. ಮಗು ಆಟವಾಡುವ ಮುಂಚೆ ಪೆಟ್ಟಿಗೆಯ ಮೇಲೆ ಬರೆದದ್ದನ್ನು ಓದುತ್ತದೆಯಾ?

ಆಸ್ಟ್ರೇಲಿಯ ಇದನ್ನು ಮೊದಲು ಗಟ್ಟಿಯಾಗಿ ಹಿಡಿಯಿತು. 2022ರ ಜೂನ್‌ನಿಂದ ಬಟನ್ ಬ್ಯಾಟರಿ ಇರುವ ಎಲ್ಲ ಗೃಹಬಳಕೆಯ ವಸ್ತುಗಳಿಗೂ ಭದ್ರ ಮುಚ್ಚಳ ಕಡ್ಡಾಯ. ಅಮೆರಿಕದಲ್ಲೂ ಅದೇ ವರ್ಷ ರೀಸ್ ಕಾನೂನು ಬಂತು. ಬ್ಯಾಟರಿ ನುಂಗಿ ತೀರಿಕೊಂಡ ಮಗುವಿನ ಹೆಸರದು.

ಬಳಸಿದ ಬಿಲ್ಲೆಯನ್ನು ತೆಗೆದ ತಕ್ಷಣ ಎರಡೂ ಮುಖ ಮುಚ್ಚುವಂತೆ ಟೇಪ್ ಸುತ್ತಿ, ಮಗುವಿನ ಕೈಗೆ ಸಿಗದ ಡಬ್ಬಿಗೆ ಹಾಕಿ, ಮರುಬಳಕೆಗೆ ಕೊಡಿ. ಹೊಸದನ್ನು ಹಾಕಿ ಹಳೆಯದನ್ನು ಮೇಜಿನ ಮೇಲೆ ಬಿಡುವ ಆ ಎರಡು ನಿಮಿಷವೇ ಅಪಾಯದ್ದು.

ಖಡಕ್‌ಮಾತು | ಮಂಗಳವಾರ, ಸಂಜೆ 6:45

ಬ್ಯಾಟರಿ ವಿಷಯ ಒಪ್ಪಿದೆ. ಆದರೆ ಮುಚ್ಚಳ ಭದ್ರ ಮಾಡಿದರೆ ಮುದುಕರಿಗೂ ತೆಗೆಯಲು ಬರುವುದಿಲ್ಲ. ಮಾತ್ರೆ ಡಬ್ಬಿಯ ಮುಚ್ಚಳ ತೆಗೆಯಲು ಆಗದೆ ಮೊಮ್ಮಗನನ್ನು ಕರೆಯುವ ಅಜ್ಜಂದಿರನ್ನು ನೋಡಿದ್ದೇನೆ. ಮೊಮ್ಮಗ ಒಂದೇ ಏಟಿಗೆ ತೆಗೆದುಕೊಡುತ್ತಾನೆ.

ಅಂಕಿಸಂಖ್ಯೆ | ಮಂಗಳವಾರ, ರಾತ್ರಿ 8:20

😄 ಇದಕ್ಕೂ ಪರೀಕ್ಷೆ ಇದೆ ಸರ್. ಅಮೆರಿಕದಲ್ಲಿ 1970ರ ವಿಷ ತಡೆ ಪ್ಯಾಕಿಂಗ್ ಕಾನೂನಿನ ಕೆಳಗೆ ನಡೆಯುವ ಪರೀಕ್ಷೆ ಹೀಗಿದೆ. ಸುಮಾರು ಮೂರೂವರೆಯಿಂದ ನಾಲ್ಕೂಕಾಲು ವರ್ಷದ ಮಕ್ಕಳಿಗೆ ಡಬ್ಬಿ ಕೊಟ್ಟು ‘ತೆಗಿ ನೋಡೋಣ’ ಅನ್ನುತ್ತಾರೆ. ಐದು ನಿಮಿಷ. ತೆಗೆಯಲಾಗದಿದ್ದರೆ ದೊಡ್ಡವರೊಬ್ಬರು ತೆಗೆದು ತೋರಿಸುತ್ತಾರೆ, ‘ಬೇಕಿದ್ದರೆ ಹಲ್ಲು ಉಪಯೋಗಿಸಬಹುದು’ ಅಂತಲೂ ಹೇಳುತ್ತಾರೆ. ಮತ್ತೆ ಐದು ನಿಮಿಷ. ತೋರಿಸುವ ಮುಂಚೆ ಶೇ. 85, ತೋರಿಸಿದ ಮೇಲೂ ಶೇ. 80 ಮಕ್ಕಳು ಸೋಲಬೇಕು. ಇನ್ನೊಂದು ಕಡೆ 50ರಿಂದ 70 ವರ್ಷದವರಲ್ಲಿ ಶೇ. 90 ಜನ ತೆಗೆದು ಸರಿಯಾಗಿ ಮುಚ್ಚಲೂ ಬೇಕು.

ಅಂದರೆ ಪಾಸಾದ ಡಬ್ಬಿಯನ್ನೂ ಐದರಲ್ಲೊಂದು ಮಗು ತೆಗೆಯಬಹುದು. ನಿಮ್ಮ ಅಜ್ಜನ ಮೊಮ್ಮಗ ಆ ಐದನೆಯವನು. ಆ ಮುಚ್ಚಳ ಮಗುವನ್ನು ಪೂರ್ತಿ ತಡೆಯುವುದಿಲ್ಲ, ನಿಮಗೆ ಓಡಿಬರಲು ಒಂದಷ್ಟು ನಿಮಿಷ ಕೊಡುತ್ತದೆ. ಡಬ್ಬಿಯನ್ನು ಮೇಲಿನ ಕಪಾಟಿನಲ್ಲಿ ಇಡುವುದು ಹಾಗಾಗಿ ತಪ್ಪಿದ್ದಲ್ಲ.

ನನಗೆ ಇಷ್ಟವಾದ ಉದಾಹರಣೆ ಮ್ಯಾಗ್ನೆಟ್‌ದು. ನಿಯೋಡಿಮಿಯಂ ಗುಂಡುಗಳು, ಮೇಜಿನ ಮೇಲೆ ಆಡುವ ದೊಡ್ಡವರ ಆಟಿಕೆ. ಒಂದು ನುಂಗಿದರೆ ಸಾಮಾನ್ಯವಾಗಿ ಹೊರಹೋಗಬಹುದು. ಎರಡು ನುಂಗಿದರೆ ಕರುಳಿನ ಬೇರೆ ಬೇರೆ ಸುರುಳಿಗಳಲ್ಲಿ ಕೂತು ಒಂದನ್ನೊಂದು ಎಳೆಯುತ್ತವೆ. ನಡುವೆ ಸಿಕ್ಕ ಕರುಳಿನ ಗೋಡೆಗೆ ರಕ್ತ ಹೋಗದೆ ತೂತಾಗುತ್ತದೆ. ಅಮೆರಿಕದಲ್ಲಿ 2012ರಿಂದ ಮಾರಾಟ ತಡೆಯುವ ಕ್ರಮಗಳು ಶುರುವಾದವು, 2014ರಲ್ಲಿ ನಿಯಮ ಬಂತು. 2016ರಲ್ಲಿ ಕೋರ್ಟು ಅದನ್ನು ರದ್ದು ಮಾಡಿತು. ಗುಂಡುಗಳು ಮತ್ತೆ ಅಂಗಡಿಗೆ ಬಂದವು. ವಿಷಮಾಹಿತಿ ಕೇಂದ್ರಗಳಿಗೆ ಬರುವ ಕರೆಗಳು ಕ್ರಮ ಜಾರಿಯಲ್ಲಿದ್ದಾಗ ಇಳಿದಿದ್ದವು. ರದ್ದಾದ ಮೇಲೆ, 2018–19ರ ಹೊತ್ತಿಗೆ, ಐದು ಪಟ್ಟಿಗೂ ಜಾಸ್ತಿಯಾದವು. 2022ರಲ್ಲಿ ಮತ್ತೆ ಹೊಸ ನಿಯಮ ಮಾಡಬೇಕಾಯಿತು. ಹೆತ್ತವರು ಅವರೇ, ಮಕ್ಕಳ ಬುದ್ಧಿ ಅದೇ. ನಡುವೆ ಬದಲಾದದ್ದು ಅಂಗಡಿಯಲ್ಲಿ ಸಿಗುತ್ತದೋ ಇಲ್ಲವೋ ಅನ್ನುವುದು ಮಾತ್ರ.

ಇಬ್ಬರ ಅಮ್ಮ | ಮಂಗಳವಾರ, ರಾತ್ರಿ 9:00

ನೀರಿನ ಮಣಿಗಳ ಬಗ್ಗೆ? ಶಾಲೆಯ ಚಟುವಟಿಕೆಗೆ ಕೊಡುತ್ತಾರಲ್ಲ.

ರಾತ್ರಿಪಾಳಿ | ಮಂಗಳವಾರ, ರಾತ್ರಿ 9:25

ಚಿಕ್ಕ ಮಕ್ಕಳಿರುವ ಮನೆಗೆ ಬೇಡವೇ ಬೇಡ. ಡಯಾಪರ್‌ನಲ್ಲಿ ಒದ್ದೆ ಹೀರುವ ಪಾಲಿಮರ್ ಇದೆಯಲ್ಲ, ಅದೇ ಬಗೆಯದು. ಒಣಗಿದ್ದಾಗ ಸಾಸಿವೆಯಷ್ಟು, ಹೊಟ್ಟೆಗೆ ಹೋಗಿ ನೀರು ಹೀರಿ ದಪ್ಪಗಾಗಿ ಕರುಳು ಕಟ್ಟುತ್ತದೆ. ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದೂ ಇಲ್ಲ. ನೆಲಕ್ಕೆ ಚೆಲ್ಲಿದರೆ ಎಲ್ಲ ಹೆಕ್ಕಿದೆವು ಅಂತ ಹೇಳುವುದೇ ಕಷ್ಟ. 2023ರ ಡಿಸೆಂಬರ್‌ನಲ್ಲಿ ಅಮೆಜಾನ್, ವಾಲ್‌ಮಾರ್ಟ್, ಟಾರ್ಗೆಟ್ ಮೂರೂ ಇದನ್ನು ಮಕ್ಕಳ ಆಟಿಕೆಯಾಗಿ ಮಾರುವುದನ್ನು ನಿಲ್ಲಿಸುತ್ತೇವೆ ಅಂದವು.

ಎರಡುಗಾಲಿ | ಬುಧವಾರ, ಬೆಳಿಗ್ಗೆ 8:15

ಎಲ್ಲವೂ ಮಕ್ಕಳದ್ದೇ ಆಯಿತು. ನಮ್ಮಂತಹ ದೊಡ್ಡವರೂ ಬೀಳುತ್ತೇವೆ. ನಿಂತು ಓಡಿಸುವ ಬಾಡಿಗೆ ಇ-ಸ್ಕೂಟರ್ ಬಗ್ಗೆ ಯಾರಾದರೂ ಹೇಳಿ. ದಿನಾ ಓಡಿಸುತ್ತೇನೆ, ಬಿಡುವ ಯೋಚನೆ ಇಲ್ಲ.

ಅಂಕಿಸಂಖ್ಯೆ | ಬುಧವಾರ, ಬೆಳಿಗ್ಗೆ 10:30

ಬಿಡಬೇಕಾಗಿಲ್ಲ, ಹೆಲ್ಮೆಟ್ ಹಾಕಿದರೆ ಸಾಕಷ್ಟಾಯಿತು. ದಕ್ಷಿಣ ಕ್ಯಾಲಿಫೋರ್ನಿಯದ ಎರಡು ತುರ್ತು ವಿಭಾಗಗಳಿಗೆ ಬಂದ 249 ಗಾಯಾಳುಗಳ ಅಧ್ಯಯನ 2019ರಲ್ಲಿ ಬಂತು. ಶೇ. 40 ಜನರಿಗೆ ತಲೆಗೆ ಪೆಟ್ಟು. ಹೆಲ್ಮೆಟ್ ಹಾಕಿದ್ದರು ಅಂತ ದಾಖಲಾಗಿದ್ದು ಶೇ. 5ಕ್ಕಿಂತ ಕಡಿಮೆ. ಅದೇ ವರ್ಷ ಆಸ್ಟಿನ್ ನಗರದ ಅಧ್ಯಯನವೂ ಬಂತು. ಅಲ್ಲಿ ಗಾಯಗೊಂಡು ಸಂದರ್ಶನ ಕೊಟ್ಟವರಲ್ಲಿ ಮೂರರಲ್ಲೊಬ್ಬರು ಮೊದಲ ಸಲ ಹತ್ತಿದವರು! ಹೊಸಬರಿಗೆ ಮೊದಲ ಸವಾರಿಯಲ್ಲಿ ವೇಗ ತಾನಾಗಿಯೇ ಕಡಿಮೆ ಇರುವಂತೆ ಆ್ಯಪ್‌ನಲ್ಲೇ ಹಾಕುವುದು ಕಷ್ಟದ ಕೆಲಸವೇನಲ್ಲ.

ಇಲ್ಲಿ ಇನ್ನೊಂದು ವಿಷಯ ಇದೆ, ನನಗೆ ಇದೇ ಮುಖ್ಯ. ಹೊಸ ಅಪಾಯ ಮೊದಲು ಕಾಣಿಸುವುದು ಎಲ್ಲಿ? ಅಮೆರಿಕದಲ್ಲಿ ಸುಮಾರು 100 ಆಸ್ಪತ್ರೆಗಳ ತುರ್ತು ವಿಭಾಗದಿಂದ ಮಾಹಿತಿ ಕೂಡಿಸುವ ನೈಸ್ ಅನ್ನುವ ವ್ಯವಸ್ಥೆ 1970ರ ದಶಕದಿಂದ ಇದೆ. ಕೆನಡಾದಲ್ಲಿ ಚಿರ್ಪ್ ಅಂತ 1990ರಿಂದ ಇದೆ. ಪ್ರತಿ ವಸ್ತುವಿಗೂ ಒಂದು ಕೋಡ್. ಮಾರುಕಟ್ಟೆಗೆ ಹೊಸದಾಗಿ ಬಂದ ವಸ್ತುವಿಗೆ ಕೋಡ್ ಎಲ್ಲಿಂದ ಬರಬೇಕು? ಶುರುವಿನಲ್ಲಿ ಅದು ಬೇರೆ ಯಾವುದೋ ಖಾನೆಯಲ್ಲಿ ಕೂತಿರುತ್ತದೆ. ಆಗ ಕೈಹಿಡಿಯುವುದು ದಾಖಲೆಯ ಕೊನೆಗೆ ಬರೆದ ಒಂದೆರಡು ಸಾಲು. ‘ಬಿದ್ದು ಕೈ ಮುರಿದಿದೆ’ ಅಂತ ಇದ್ದರೆ ಯಾರಿಗೂ ಏನೂ ತಿಳಿಯದು. ‘ಬಾಡಿಗೆ ಇ-ಸ್ಕೂಟರಿನ ಮುಂದಿನ ಗಾಲಿ ಗುಂಡಿಗೆ ಸಿಕ್ಕಿ ಮುಂದಕ್ಕೆ ಎಸೆಯಲ್ಪಟ್ಟರು’ ಅಂತ ಇದ್ದರೆ ಗಾಲಿಯ ಅಳತೆಯವರೆಗೂ ಯೋಚಿಸಬಹುದು.

ರಾತ್ರಿಪಾಳಿ | ಬುಧವಾರ, ಬೆಳಿಗ್ಗೆ 11:50

ಆ ಸಾಲು ಬರೆಯುವವಳು ನಾನೇ. ರಾತ್ರಿ ಮೂರು ಗಂಟೆಗೆ, ಎದುರು ಇನ್ನೂ ನಾಲ್ಕು ಜನ ಕಾಯುತ್ತಿರುವಾಗ, ಆ ಸಾಲು ಉದ್ದವಾಗಿ ಬರುವುದಿಲ್ಲ ಅಂತ ಸಂಶೋಧಕರಿಗೆ ತಿಳಿದಿರಲಿ. ಆದರೆ ಜೊತೆಗೆ ಬಂದವರು ಸರಿಯಾಗಿ ಹೇಳಿದರೆ ಬರೆಯುತ್ತೇವೆ. ವಸ್ತು ಏನು, ಯಾವ ಮಾದರಿ, ಏನು ಮಾಡುತ್ತಿದ್ದರು, ಯಾವುದು ಒಡೆಯಿತು, ಯಾವುದು ಕಳಚಿತು. ಕೋಪದಲ್ಲಿ ವಸ್ತುವನ್ನು ಎಸೆಯಬೇಡಿ, ಫೋಟೊ ತೆಗೆದು ಇಡಿ, ತಯಾರಕರಿಗೂ ಗ್ರಾಹಕ ಸುರಕ್ಷತೆ ನೋಡಿಕೊಳ್ಳುವ ಇಲಾಖೆಗೂ ಬರೆಯಿರಿ. ನಿಮಗೆ ಒಂದೇ ಪ್ರಕರಣ ಕಾಣುತ್ತದೆ. ಅವರ ಮೇಜಿನ ಮೇಲೆ ಅದು ಏಳನೆಯದಾಗಿರಬಹುದು.

ಸ್ಕ್ರೂಡ್ರೈವರ್ | ಬುಧವಾರ, ಸಂಜೆ 7:00

ಇ-ಸ್ಕೂಟರ್ ಬಂತಲ್ಲ, ಅದರ ಬ್ಯಾಟರಿಯನ್ನೂ ಸೇರಿಸುತ್ತೇನೆ. ಲಿಥಿಯಂ-ಅಯಾನ್ ಸೆಲ್ ಒಳಗೆ ಶಾರ್ಟ್ ಆದರೆ ಬಿಸಿ ಹುಟ್ಟುತ್ತದೆ, ಆ ಬಿಸಿ ಇನ್ನಷ್ಟು ರಾಸಾಯನಿಕ ಕ್ರಿಯೆ ಹಚ್ಚುತ್ತದೆ, ಪಕ್ಕದ ಸೆಲ್ಲಿಗೂ ಹತ್ತುತ್ತದೆ. ಕೆಲವೇ ಸೆಕೆಂಡಿನಲ್ಲಿ ಕೋಣೆ ತುಂಬ ವಿಷದ, ಹತ್ತಿಕೊಳ್ಳುವ ಹೊಗೆ. ಆರಿತು ಅಂದುಕೊಂಡ ಮೇಲೂ ಗಂಟೆಗಳ ನಂತರ ಮತ್ತೆ ಹತ್ತಿಕೊಳ್ಳಬಹುದು.

ನ್ಯೂಯಾರ್ಕ್ ನಗರದ ಅಗ್ನಿಶಾಮಕ ಇಲಾಖೆಯ ಲೆಕ್ಕ: 2023ರಲ್ಲಿ ಇಂತಹ 268 ಬೆಂಕಿ, 18 ಸಾವು. ಆ ವರ್ಷದ ಸೆಪ್ಟೆಂಬರ್‌ನಿಂದ ಪ್ರಮಾಣಪತ್ರ ಇಲ್ಲದ ಇ-ಬೈಕ್, ಬ್ಯಾಟರಿ ಮಾರುವಂತಿಲ್ಲ ಅಂದರು. 2024ರಲ್ಲಿ ಸಾವು 6ಕ್ಕೆ ಇಳಿಯಿತು. ಆದರೆ ಬೆಂಕಿಯ ಸಂಖ್ಯೆ ಇಳಿಯಲಿಲ್ಲ, ಸ್ವಲ್ಪ ಜಾಸ್ತಿಯೇ ಆಯಿತು. ಕಟ್ಟಡದ ಹೊರಗೆ ಹತ್ತಿದವು ಹೆಚ್ಚಿದವು. ನನಗೆ ಇದರಿಂದ ಅರ್ಥವಾದದ್ದು, ಬ್ಯಾಟರಿ ಹಾಳಾಗುವುದನ್ನು ಪೂರ್ತಿ ತಡೆಯಲು ಆಗದಿದ್ದರೂ, ಅದು ಹತ್ತಿಕೊಂಡಾಗ ಮನುಷ್ಯ ಪಕ್ಕದಲ್ಲಿ ಮಲಗಿರಬಾರದು.

ಹಾಗಾಗಿ ಬಾಗಿಲ ಬಳಿ, ಮೆಟ್ಟಿಲ ಕೆಳಗೆ ಚಾರ್ಜ್‌ಗೆ ಹಾಕಬೇಡಿ. ಬೆಂಕಿ ಹತ್ತಿದರೆ ಓಡುವ ದಾರಿಯೇ ಅದು. ಮಲಗುವ ಹೊತ್ತಿಗೆ ಚಾರ್ಜರ್ ಕಳಚಿ. ಆ ಬ್ಯಾಟರಿಗೆ ಅಂತ ಕೊಟ್ಟ ಚಾರ್ಜರ್ ಬಿಟ್ಟು ಬೇರೆ ಬೇಡ, ಪಿನ್ ಕೂತ ಮಾತ್ರಕ್ಕೆ ವೋಲ್ಟೇಜ್ ಕೂರುವುದಿಲ್ಲ. ಸುಂಯ್ ಅಂತ ಶಬ್ದ, ವಿಚಿತ್ರ ವಾಸನೆ, ಬಿಳಿ ಹೊಗೆ ಕಂಡರೆ ಆರಿಸಲು ನಿಲ್ಲಬೇಡಿ. ಹೊರಗೆ ಬನ್ನಿ, ಬಾಗಿಲು ಎಳೆದುಕೊಳ್ಳಿ, ಅಗ್ನಿಶಾಮಕದವರನ್ನು ಕರೆಯಿರಿ.

ಎರಡುಗಾಲಿ | ಬುಧವಾರ, ಸಂಜೆ 7:12

ಮನೆಯಲ್ಲಿರುವ ನನ್ನ ಸ್ವಂತ ಇ-ಬೈಕು ಚಾರ್ಜ್ ಆಗುವುದು ಬಾಗಿಲ ಬಳಿಯೇ. ಈಗಲೇ ಎತ್ತುತ್ತೇನೆ.

ನಿವೃತ್ತ ಮೇಷ್ಟ್ರು | ಗುರುವಾರ, ಬೆಳಿಗ್ಗೆ 6:30

ಎಲ್ಲವನ್ನೂ ಓದಿದೆ. ಹೊಸ ಅಪಾಯಗಳ ಗದ್ದಲದಲ್ಲಿ ಹಳೆಯದೊಂದನ್ನು ಮರೆತಿದ್ದೀರಿ. ನಮ್ಮ ವಯಸ್ಸಿನವರಿಗೆ ಬೀಳುವುದೇ ದೊಡ್ಡ ಗಂಡಾಂತರ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ, ಹೆಚ್ಚಿನವರು 60 ದಾಟಿದವರು.

ಮಗ ದಿನಾ ಫೋನ್ ಮಾಡಿ ‘ಅಪ್ಪಾ, ಮೆಲ್ಲಗೆ ನಡೆಯಿರಿ’ ಅನ್ನುತ್ತಾನೆ. ನಾನು ಮೆಲ್ಲಗೇ ನಡೆಯುತ್ತೇನೆ. ಮೆಲ್ಲಗೆ ನಡೆದರೂ ಬಚ್ಚಲಿನ ನೆಲ ಜಾರುವುದು ತಪ್ಪುವುದಿಲ್ಲ. ‘ಹುಷಾರು’ ಅನ್ನುವ ಬದಲು ಒಂದು ಹಿಡಿ ಹಾಕಿಸಿಕೊಡು ಅಂತ ಹೇಳಿದೆ, ಹಾಕಿಸಿದ.

ಅಂಕಿಸಂಖ್ಯೆ | ಗುರುವಾರ, ಬೆಳಿಗ್ಗೆ 9:10

ಮೇಷ್ಟ್ರೇ, ನಿಮ್ಮ ಹಿಡಿಗೆ ಪುರಾವೆ ಇದೆ. ನ್ಯೂಜಿಲೆಂಡಿನಲ್ಲಿ 842 ಮನೆಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿನ ಮನೆಗಳಿಗೆ ಮೆಟ್ಟಿಲಿಗೆ ಹಿಡಿದುಕೊಳ್ಳುವ ಕಂಬಿ, ಬಚ್ಚಲಿಗೆ ಹಿಡಿ, ಹೊರಗೆ ದೀಪ, ಮೆಟ್ಟಿಲ ಅಂಚಿಗೆ ಎದ್ದು ಕಾಣುವ ಜಾರದ ಪಟ್ಟಿ ಹಾಕಿಸಿದರು. ಬಡಗಿ ಬಂದು ಮಾಡಿಹೋಗುವ ಕೆಲಸ ಅಷ್ಟೇ. ಮನೆಯೊಳಗೆ ಬಿದ್ದು ಆಗುವ ಗಾಯ ಶೇ. 26ರಷ್ಟು ಕಡಿಮೆಯಾಯಿತು. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು.

ಇದರ ಜೊತೆ ವ್ಯಾಯಾಮ. ಅದರಲ್ಲೂ ಸಮತೋಲನ ಮತ್ತು ಕಾಲಿನ ಬಲ ಹೆಚ್ಚಿಸುವಂಥದ್ದು. ವ್ಯಾಯಾಮದ ಬಗ್ಗೆ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2019ರ ಕಾಕ್ರೇನ್ ಪರಿಶೀಲನೆಯಲ್ಲಿ ವ್ಯಾಯಾಮದಿಂದ ಬೀಳುವುದು ಶೇ. 23ರಷ್ಟು ಕಡಿಮೆಯಾಗಿತ್ತು. ಬರೀ ವಾಕಿಂಗ್ ಸಾಕು ಅಂತ ಅಲ್ಲ. ಅಡುಗೆಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು, ಕುರ್ಚಿಯಿಂದ ಕೈ ಊರದೆ ಏಳುವುದು, ಹೀಗೆ. ಶುರುವಿಗೆ ಫಿಸಿಯೊ ಒಬ್ಬರನ್ನು ಕೇಳಿಕೊಳ್ಳಿ.

ನಿವೃತ್ತ ಮೇಷ್ಟ್ರು | ಗುರುವಾರ, ಬೆಳಿಗ್ಗೆ 9:40

ಒಂಟಿ ಕಾಲಲ್ಲಿ ಎಷ್ಟೋ ಹುಡುಗರನ್ನು ನಿಲ್ಲಿಸಿದ್ದೆ. ಈಗ ನನ್ನ ಸರದಿ.

ರಾತ್ರಿಪಾಳಿ | ಗುರುವಾರ, ಮಧ್ಯಾಹ್ನ 12:15

😂 ಮೇಷ್ಟ್ರೇ, ಗೋಡೆ ಪಕ್ಕದಲ್ಲಿರಲಿ.

ಬಚ್ಚಲು ಅಂದಾಗ ಬಿಸಿನೀರೂ ನೆನಪಾಯಿತು. 60 ಡಿಗ್ರಿ ನೀರು ತಾಗಿದರೆ ಮೂರರಿಂದ ಐದು ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ. 49 ಡಿಗ್ರಿಯಲ್ಲಾದರೆ ಐದು ನಿಮಿಷಕ್ಕೂ ಜಾಸ್ತಿ ಬೇಕು. ಇದು ದೊಡ್ಡವರ ಚರ್ಮದ ಲೆಕ್ಕ, ಮಕ್ಕಳಿಗೂ ತೀರಾ ವಯಸ್ಸಾದವರಿಗೂ ಇನ್ನೂ ಬೇಗ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1983ರಲ್ಲಿ ಹೊಸ ಗೀಸರ್‌ಗಳನ್ನು 49ಕ್ಕೆ ಇಟ್ಟೇ ಕೊಡಬೇಕು ಅಂತ ಕಾನೂನು ಮಾಡಿದರು. ನಲ್ಲಿ ನೀರಿನಿಂದ ಸುಟ್ಟು ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ಅರ್ಧಕ್ಕೂ ಕೆಳಗೆ ಬಂತು. ಒಂದು ಸಲ ಗೀಸರಿನ ಗುಂಡಿ ತಿರುಗಿಸಿಟ್ಟರೆ ಆಯಿತು, ಸ್ನಾನಕ್ಕೆ ಮುಂಚೆ ದಿನಾ ಜ್ಞಾಪಿಸಿಕೊಳ್ಳಬೇಕಾಗಿಲ್ಲ.

ಖಡಕ್‌ಮಾತು | ಗುರುವಾರ, ಸಂಜೆ 5:50

ಸೋತೆ ಅಂದುಕೊಳ್ಳಬೇಡಿ, ನನ್ನದು ಇನ್ನೂ ಒಂದು ಪ್ರಶ್ನೆ ಇದೆ. ಎಲ್ಲವನ್ನೂ ಭದ್ರ ಮಾಡಿದರೆ ಮಕ್ಕಳಿಗೆ ಅಪಾಯ ಅಂದರೇನು ಅಂತಲೇ ಗೊತ್ತಾಗದು. ಮರ ಹತ್ತಬೇಡ, ಓಡಬೇಡ, ಸೈಕಲ್ ಬೇಡ. ಹೀಗೇ ಹೋದರೆ ಮಕ್ಕಳನ್ನು ಹತ್ತಿಯಲ್ಲಿ ಸುತ್ತಿಡಬೇಕು. ದೊಡ್ಡವರೂ ಅಷ್ಟೇ, ಬೆಲ್ಟ್ ಇದೆ ಅಂತ ವೇಗ ಜಾಸ್ತಿ ಮಾಡುತ್ತಾರೆ.

ಅಂಕಿಸಂಖ್ಯೆ | ಗುರುವಾರ, ರಾತ್ರಿ 8:05

ಎರಡನೆಯ ಮಾತನ್ನು ಸ್ಯಾಮ್ ಪೆಲ್ಟ್‌ಜ್‌ಮನ್ ಅನ್ನುವ ಅರ್ಥಶಾಸ್ತ್ರಜ್ಞ 1975ರಲ್ಲೇ ಹೇಳಿದ್ದರು. ಒಂದಷ್ಟು ಜನ ಹಾಗೆ ಮಾಡುತ್ತಾರೆ ಅನ್ನುವುದು ನಿಜವೇ ಇರಬಹುದು. ಆದರೆ ಬೆಲ್ಟಿನ ಲಾಭವನ್ನೆಲ್ಲ ಅದು ತಿಂದುಹಾಕುತ್ತದೆ ಅನ್ನುವುದು ನಂತರದ ಅಧ್ಯಯನಗಳಲ್ಲಿ ನಿಲ್ಲಲಿಲ್ಲ. ಫ್ರಿಜ್ಜಿನ ಬಾಗಿಲು ಒಳಗಿಂದ ತೆರೆಯುತ್ತದೆ ಅಂತ ಯಾರೂ ಧೈರ್ಯವಾಗಿ ಒಳಗೆ ಹೋಗಿ ಕೂರುವುದಿಲ್ಲ.

ರಾತ್ರಿಪಾಳಿ | ಗುರುವಾರ, ರಾತ್ರಿ 9:30

ಮೊದಲನೆಯ ಮಾತು ನಾನು ಒಪ್ಪುತ್ತೇನೆ ಸರ್, ಪೂರ್ತಿ ಒಪ್ಪುತ್ತೇನೆ. ಗಾಯ ತಡೆಯುವ ಸಂಶೋಧಕರಲ್ಲೇ ಕೆನಡಾದ ಮರಿಯಾನಾ ಬ್ರುಸೋನಿ ಅಂತಹವರು ಮಕ್ಕಳಿಗೆ ಸ್ವಲ್ಪ ಸಾಹಸದ ಆಟ ಬೇಕೇಬೇಕು ಅಂತ ಹೇಳುತ್ತಾ ಬಂದಿದ್ದಾರೆ. ಮರ ಎಷ್ಟು ಎತ್ತರ ಅಂತ ಮಗುವಿಗೆ ಕಾಣುತ್ತದೆ. ಹೆದರಿಕೆ ಆಗುತ್ತದೆ, ಇನ್ನೊಂದು ಕೊಂಬೆ ಹತ್ತಲೋ ಇಳಿಯಲೋ ಅಂತ ಅದೇ ನಿರ್ಧರಿಸುತ್ತದೆ. ಬಿದ್ದರೆ ಸಾಮಾನ್ಯವಾಗಿ ಮೊಣಕೈ ತರಚುತ್ತದೆ, ಕೆಲವೊಮ್ಮೆ ಕೈ ಮುರಿದೀತು. ಅದರಿಂದ ಕಲಿಯುತ್ತದೆ.

ಬಿಲ್ಲೆ ಬ್ಯಾಟರಿಯೊಳಗಿನ ಕರೆಂಟ್ ಮಗುವಿಗೆ ಕಾಣುತ್ತದೆಯಾ? ಮ್ಯಾಗ್ನೆಟ್ ಕರುಳಲ್ಲಿ ಏನು ಮಾಡುತ್ತದೆ ಅಂತ ಗೊತ್ತಾಗುತ್ತದೆಯಾ? ಅಲ್ಲಿ ಕಲಿಯಲು ಏನೂ ಇಲ್ಲ. ನಾನು ತೆಗೆದುಹಾಕಿ ಅನ್ನುವುದು ಇಂತಹ, ಕಾಣದ ಅಪಾಯವನ್ನು. ಮರವನ್ನಲ್ಲ. ಅದನ್ನು ಕಡಿಯಲು ಬಂದರೆ ನಿಮ್ಮ ಪಕ್ಕ ನಾನೂ ನಿಲ್ಲುತ್ತೇನೆ.

ಖಡಕ್‌ಮಾತು | ಗುರುವಾರ, ರಾತ್ರಿ 9:41

ಹಾಗಾದರೆ ಜಗಳ ಮುಗಿಯಿತು. ಬೇಜಾರು.

ಇಬ್ಬರ ಅಮ್ಮ | ಶುಕ್ರವಾರ, ಬೆಳಿಗ್ಗೆ 10:20

ಮನೆಯಲ್ಲಿ ಬಟನ್ ಬ್ಯಾಟರಿ ಹುಡುಕಿದೆ. ರಿಮೋಟ್, ತೂಕದ ಯಂತ್ರ, ಥರ್ಮಾಮೀಟರ್, ಕಾರಿನ ಕೀ. ತೂಕದ ಯಂತ್ರದ ಮುಚ್ಚಳ ನನ್ನ ನಾಲ್ಕು ವರ್ಷದವಳೇ ತೆಗೆದು ತೋರಿಸಿದಳು. ಅದಕ್ಕೆ ಗಟ್ಟಿ ಟೇಪ್ ಸುತ್ತಿದರೆ ನಡೆಯುತ್ತದಾ ಸ್ಕ್ರೂಡ್ರೈವರ್ ಅಣ್ಣ? ಇನ್ನೊಂದು, ಹಳೆಯ ಪವರ್ ಬ್ಯಾಂಕ್ ಒಂದು ಹೊಟ್ಟೆ ಉಬ್ಬಿದ ಹಾಗೆ ಆಗಿದೆ. ಚಾರ್ಜ್ ಮಾತ್ರ ಚೆನ್ನಾಗಿಯೇ ಆಗುತ್ತಿದೆ.

ಸ್ಕ್ರೂಡ್ರೈವರ್ | ಶುಕ್ರವಾರ, ಬೆಳಿಗ್ಗೆ 10:34

ಟೇಪ್ ಬೇಡ, ಅದನ್ನು ಬಿಡಿಸುವುದೇ ಅವಳಿಗೆ ಆಟ. ಯಂತ್ರವನ್ನೇ ಬೀಗ ಇರುವ ಕಪಾಟಿಗೆ ಸೇರಿಸಿ, ಮುಂದೆ ಕೊಳ್ಳುವಾಗ ಸ್ಕ್ರೂ ಮುಚ್ಚಳದ್ದು ನೋಡಿ.

ಪವರ್ ಬ್ಯಾಂಕ್ ಈಗಲೇ ಕಳಚಿ. ಉಬ್ಬಿರುವುದು ಒಳಗೆ ಹುಟ್ಟಿದ ಗ್ಯಾಸ್. ಒತ್ತಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೂ ಬೇಡ, ಕಸದ ಲಾರಿಯಲ್ಲಿ ಜಜ್ಜಿ ಬೆಂಕಿ ಹತ್ತುತ್ತದೆ. ಮನೆಯ ಹೊರಗೆ, ನೆರಳಲ್ಲಿ, ಸುತ್ತ ಹತ್ತಿಕೊಳ್ಳುವಂಥದ್ದು ಏನೂ ಇಲ್ಲದ ಕಡೆ ಲೋಹದ ಡಬ್ಬಿಯಲ್ಲಿ ಮುಚ್ಚಳ ಬಿಗಿ ಮಾಡದೆ ಇಡಿ. ಬ್ಯಾಟರಿ ತೆಗೆದುಕೊಳ್ಳುವ ಇ-ತ್ಯಾಜ್ಯ ಕೇಂದ್ರಕ್ಕೆ ಮೊದಲು ಫೋನ್ ಮಾಡಿ, ‘ಉಬ್ಬಿದೆ’ ಅಂತ ಹೇಳಿಯೇ ಕೊಡಿ. ಕೊಡುವ ಮುಂಚೆ ಹಿಂದಿರುವ ಮಾದರಿ ಸಂಖ್ಯೆಯ ಫೋಟೊ ತೆಗೆದುಕೊಳ್ಳಿ, ತಯಾರಕರು ಆ ಮಾದರಿಯನ್ನು ವಾಪಸ್ ಕರೆದಿದ್ದಾರಾ ಅಂತ ನೋಡೋಣ.